ಡಯಲ್ ಮುಟ್ಟಿಲ್ಲ, ಆದರೂ ಸೀದ ರುಚಿ!

ಪ್ರಶ್ನೆ: ಹನ್ನೆರಡು ವರ್ಷ ಸಿಗರೇಟು ಸೇದಿದವನು ನಾನು. ಇಲ್ಲಿ ಮ್ಯಾಂಚೆಸ್ಟರ್‌ಗೆ ಬಂದ ಮೇಲೆ ಅದನ್ನು ಬಿಟ್ಟು ವೇಪ್ ಪೆನ್ (ಇ-ಸಿಗರೇಟು) ಹಿಡಿದಿದ್ದೇನೆ. ಬ್ಯಾಟರಿಯ ತಳದಲ್ಲಿ 3.3ರಿಂದ 4.8 ವೋಲ್ಟ್‌ವರೆಗೆ ತಿರುಗಿಸುವ ಡಯಲ್ ಇದೆ. 4ಕ್ಕೆ ಇಟ್ಟಿದ್ದೆ, ಚೆನ್ನಾಗಿತ್ತು. ಹೋದ ವಾರ ಹೊಸ ಕಾಯಿಲ್ (ಒಳಗಿನ ದ್ರವವನ್ನು ಕಾಯಿಸುವ ತಂತಿ ಸುರುಳಿ) ಹಾಕಿದೆ. ಡಯಲ್ ಮುಟ್ಟಿಲ್ಲ, ಆದರೂ ಸೀದ ರುಚಿ, ಗಂಟಲು ಉರಿ. ಹಳೇ ಕಾಯಿಲ್ ಮೇಲೆ 1.8, ಹೊಸದರ ಮೇಲೆ 1.2 ಎಂದಿದೆ. ಸರಿಯಾದ ವೋಲ್ಟೇಜ್ ಎಷ್ಟು? ಡಿಸೆಂಬರ್‌ನಲ್ಲಿ ಹುಬ್ಬಳ್ಳಿಗೆ ಬರುವಾಗ ತರಬಹುದಾ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ಆ 1.8, 1.2 ಎಂಬುದು ಓಮ್, ಅಂದರೆ ತಂತಿಯ ರೋಧ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 4 ನಾಲ್ಕಲಿ 16. ಅದನ್ನು 1.8ರಿಂದ ಭಾಗಿಸಿ: ಹತ್ತಿರ ಹತ್ತಿರ 9 ವ್ಯಾಟ್. 1.2ರಿಂದ ಭಾಗಿಸಿ: 13 ದಾಟುತ್ತದೆ! ಡಯಲ್ ಅಲ್ಲೇ ಇದೆ, ಉರಿ ಮಾತ್ರ ಒಂದೂವರೆ ಪಟ್ಟು. ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದೆ, ಹುಡುಗರು ಆಕಳಿಸುತ್ತಿದ್ದರು.

ದೇವರ ದೀಪ ನೋಡಿದ್ದೀರಲ್ವಾ? ಎಣ್ಣೆ ಏರುತ್ತಿರುವವರೆಗೆ ಬತ್ತಿ ಸುಡಲ್ಲ. ಎಣ್ಣೆ ತೀರಿತೋ, ಬತ್ತಿಯೇ ಕರಕಲು. ನಿಮ್ಮ ಕಾಯಿಲಿನೊಳಗೂ ಹತ್ತಿ ಇದೆ. ತಂತಿಯ ಬಿಸಿ ದ್ರವವನ್ನು ಆವಿ ಮಾಡುವ ವೇಗಕ್ಕೆ ಹತ್ತಿ ಅದನ್ನು ಹೀರಿ ಕೊಡಲು ಆಗದಿದ್ದರೆ ಅದೇ ಗತಿ.

ಡಯಲನ್ನು 3.3ಕ್ಕೆ ಇಳಿಸಿ. ಆಗ ಹೊಸ ಕಾಯಿಲಿಗೂ 9 ವ್ಯಾಟೇ ಸಿಗುತ್ತದೆ. ಕಾಯಿಲಿನ ಮೇಲೆ ಇಷ್ಟರಿಂದ ಇಷ್ಟು ವ್ಯಾಟ್ ಎಂದು ಬರೆದಿದ್ದರೆ ಅದನ್ನು ದಾಟಬೇಡಿ. ಆವಿ ಸಾಲದಿದ್ದರೆ ಒಂದೊಂದೇ ಗೆರೆ ಏರಿಸಿ, ರುಚಿ ಕೆಟ್ಟ ಕೂಡಲೇ ಇಳಿಸಿ. ಓಮ್ ಬಗ್ಗೆ ಅನುಮಾನವಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಲೆಸ್ಟರ್‌ನಲ್ಲಿ ಅಳಿಯನ ಪೆನ್ ಅಳೆದಾಗ ನನ್ನ ಅಗ್ಗದ ಮೀಟರು 2.1 ತೋರಿಸಿತು. ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ಸುಮ್ನೆ 0.3! ಅದು ಕಡ್ಡಿಗಳದೇ ರೋಧ; ಅದನ್ನು ಕಳೆದ ಮೇಲೆ 1.8 ಸರಿ ಬಂತು.

ಸೀದದ್ದನ್ನು ಸಹಿಸಿಕೊಂಡು ಸೇದಬೇಡಿ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ, 3.3 ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಎಂಬ ವಿಷದ ಅಂಶ 5 ವೋಲ್ಟ್‌ನಲ್ಲಿ ಕಂಡಿತು. ಅಷ್ಟು ಸೀದದ್ದನ್ನು ಯಾರೂ ಬಾಯಿಗೆ ಇಡಲ್ಲ ಎಂದು ಬೇರೆ ಸಂಶೋಧಕರು ತಕರಾರು ಎತ್ತಿದರು. ನೀವು ವಾರದಿಂದ ಇಡುತ್ತಿದ್ದೀರಿ! ಇನ್ನು, ಕಡಿಮೆ ವೋಲ್ಟ್ ಅಂದರೆ ನಿರಪಾಯ ಅಂತಲ್ಲ. ನಿಕೋಟಿನ್ ಹಾಗೇ ಇರುತ್ತದೆ.

ಹುಬ್ಬಳ್ಳಿಗೆ ಖಂಡಿತ ತರಬೇಡಿ. 2019ರ ಕೇಂದ್ರ ಕಾಯ್ದೆಯಲ್ಲಿ ಆಮದು, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧ. ಆಮದಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಇಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ, ಡಾಕ್ಟರನ್ನು ಕೇಳಿ ತಗೊಳ್ಳಿ.

ಅಂದಹಾಗೆ, ಈಗಿರುವ ಕಾಯಿಲಿನ ಹತ್ತಿ ಆಗಲೇ ಸೀದಿದೆ; ಅದನ್ನು ಬಿಸಾಡಿ, ಬೇರೆಯದನ್ನು ಹಾಕಿ. ಅಳಿಯ ಒಂದನ್ನು ಬಿಸಿನೀರಲ್ಲಿ ತೊಳೆದು, ಎರಡು ದಿನ ಕಿಟಕಿಯಲ್ಲಿ ಒಣಗಿಸಿ ಮತ್ತೆ ಹಾಕಿದ. ಅದೇ ಸೀದ ರುಚಿ.