10 ವರ್ಷದ ಅಮೆರಿಕ ವೀಸಾ ಇದ್ದರೆ ಅಪ್ಪ-ಅಮ್ಮ ಒಂದು ವರ್ಷ ಅಲ್ಲೇ ಇರಬಹುದಾ?

ನೀವು ಕೇಳಿರುವುದು ಎರಡು ವಿಷಯ. ಅಪ್ಪ-ಅಮ್ಮನಿಗೆ 10 ವರ್ಷದ ಬಿ1/ಬಿ2 (ಭೇಟಿ, ಪ್ರವಾಸದ) ವೀಸಾ ಸಿಕ್ಕಿದೆ, ನಿಮ್ಮ ಜೊತೆ ಒಂದು ವರ್ಷ ಇರಬಹುದಾ? ಆಗದಿದ್ದರೆ ಆರು ತಿಂಗಳಾದ ಮೇಲೆ ಕೆನಡಾಕ್ಕೆ ಹೋಗಿ ಬಂದರೆ ಸಾಕಾ? ಎರಡನ್ನೂ ನಂಬಿಕೊಂಡು ಟಿಕೆಟ್ ಮಾಡಬೇಡಿ. ನಾನು ವಕೀಲ ಅಲ್ಲ. ಆದರೆ ನಮ್ಮ ಮನೆಗೂ ಹಿರಿಯರು ಬಂದು ಹೋಗುತ್ತಿರುತ್ತಾರೆ, ಅವರ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದೇ.

ವೀಸಾದ ಮೇಲಿರುವ ದಿನಾಂಕ ಬಾಗಿಲು ತಟ್ಟುವುದಕ್ಕೆ ಮಾತ್ರ. ಅಷ್ಟರೊಳಗೆ ಬಂದು ಒಳಗೆ ಬಿಡಿ ಎಂದು ಕೇಳಬಹುದು. ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಕೌಂಟರಿನಲ್ಲಿರುವ ಸಿಬಿಪಿ (ಅಮೆರಿಕದ ಗಡಿ ತಪಾಸಣೆ ಇಲಾಖೆ) ಅಧಿಕಾರಿ. ಅವರು ಕೊಟ್ಟ ಗಡುವು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ವೀಸಾ ಮುಗಿಯಲು ಒಂದೇ ವಾರ ಇರುವಾಗ ಬಂದವರಿಗೂ ಆರು ತಿಂಗಳು ಸಿಗಬಹುದು. ಇನ್ನೂ ಒಂಬತ್ತು ವರ್ಷ ವೀಸಾ ಬಾಕಿ ಇದ್ದರೂ ಐ-94 ಮುಗಿದ ಮರುದಿನದಿಂದ ಅವರು ಕಾನೂನು ಮೀರಿದಂತೆಯೇ.

ಈಗ ಪಾಸ್‌ಪೋರ್ಟ್ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ. ಪಾಸ್‌ಪೋರ್ಟ್ ನಾಲ್ಕು ತಿಂಗಳಲ್ಲಿ ಮುಗಿಯುವುದಿದ್ದರೆ ಅಧಿಕಾರಿ ಐ-94 ಗಡುವನ್ನೂ ಅದೇ ದಿನಾಂಕಕ್ಕೆ ನಿಲ್ಲಿಸಿಬಿಡಬಹುದು. ನಮ್ಮ ಪರಿಚಯದ ಒಬ್ಬ ಅಜ್ಜಿಗೆ ಹೀಗೇ ಆಯಿತು. ಎಲ್ಲರೂ ಆರು ತಿಂಗಳು ಅಂದುಕೊಂಡು ಟಿಕೆಟ್ ಮಾಡಿದ್ದರು, ಆಮೇಲೆ ಅದನ್ನು ಹಿಂದಕ್ಕೆ ಎಳೆಯಬೇಕಾಯಿತು. ಹಾಗಾಗಿ ಹೊರಡುವ ಮೊದಲೇ ಪಾಸ್‌ಪೋರ್ಟ್ ನವೀಕರಿಸಿ. ವೀಸಾ ಹಳೆಯ ಪುಸ್ತಕದಲ್ಲಿದೆಯಲ್ಲ ಎಂದು ಹೆದರಬೇಡಿ. ವೀಸಾ ಪುಟ ಹಾಳಾಗದೆ ಇದ್ದು, ಅವಧಿಯೂ ಉಳಿದಿದ್ದರೆ ಅದು ನಡೆಯುತ್ತದೆ. ಹಳೆಯದು, ಹೊಸದು ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದು ಬೇಡ.

ಬಂದ ಒಂದೆರಡು ದಿನದಲ್ಲಿ ಸಿಬಿಪಿ ಜಾಲತಾಣದಲ್ಲಿ ಐ-94 ತೆಗೆದು ನೋಡಿ. 'ಅಡ್ಮಿಟ್ ಅನ್‌ಟಿಲ್ ಡೇಟ್' ಎಂಬ ಸಾಲು ಮುಖ್ಯ. ಕೆಲವೊಮ್ಮೆ ದಾಖಲೆಯೇ ಇಲ್ಲ ಅನ್ನುತ್ತದೆ. ಆಗ ಹೆಸರು ನೋಡಿ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಲ್ವಾ? ಅಂಥವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಇರುತ್ತದೆ. ವೀಸಾದಲ್ಲಿ ಇರುವ ಹಾಗೆಯೇ ಟೈಪ್ ಮಾಡಿದರೆ ಬಹುತೇಕ ಸಿಗುತ್ತದೆ. ದಿನಾಂಕವೋ ವರ್ಗವೋ ತಪ್ಪಾಗಿ ನಮೂದಾಗಿದ್ದರೆ ತಿದ್ದಿಸಲು ಸಿಬಿಪಿಯ 'ಡಿಫರ್ಡ್ ಇನ್‌ಸ್ಪೆಕ್ಷನ್' ಕಚೇರಿಗಳಿವೆ.

ಆರು ತಿಂಗಳು ಸಾಲದು ಅಂದರೆ ನೆಟ್ಟಗಿನ ದಾರಿ ಐ-539, ಅಂದರೆ ಗಡುವು ವಿಸ್ತರಿಸಿ ಎಂದು ಕೇಳುವ ಅರ್ಜಿ. ಐ-94 ಮುಗಿಯುವ ಮೊದಲೇ ಹಾಕಬೇಕು, ಕನಿಷ್ಠ 45 ದಿನ ಮುಂಚೆ ಹಾಕಿ ಎಂದು ಈ ಅರ್ಜಿಗಳನ್ನು ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್ ಹೇಳುತ್ತದೆ. ಯಾಕೆ ಇನ್ನೂ ಇರಬೇಕು, ಖರ್ಚು ಯಾರದು, ವಾಪಸ್ ಹೋಗುತ್ತಾರೆ ಅನ್ನುವುದಕ್ಕೆ ಏನು ಆಧಾರ, ಇಷ್ಟನ್ನೂ ತೋರಿಸಬೇಕು. ಸುಮ್ನೆ 'ಮೊಮ್ಮಗು ಜೊತೆ ಇರಬೇಕು' ಅಂದರೆ ಬಲ ಸಾಲದು. ಸಮಯಕ್ಕೆ ಸರಿಯಾಗಿ ಹಾಕಿದ್ದರೆ ಉತ್ತರ ಬರುವವರೆಗೆ ಅಕ್ರಮ ವಾಸದ ದಿನ ಲೆಕ್ಕಕ್ಕೆ ಬರುವುದಿಲ್ಲ. ತಿರಸ್ಕಾರವಾದರೆ ಮಾತ್ರ ತಡಮಾಡದೆ ಹೊರಡಬೇಕು.

ಕೆನಡಾ ಉಪಾಯ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಓಡಾಡುತ್ತದೆ. ಮೊದಲನೆಯದಾಗಿ, ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇರೆ ಬೇಕು. ಎರಡನೆಯದಾಗಿ, 30 ದಿನದೊಳಗೆ ವಾಪಸ್ ಬಂದರೆ ಸಾಮಾನ್ಯವಾಗಿ ಹಳೆಯ ಐ-94 ಗಡುವೇ ಮುಂದುವರಿಯುತ್ತದೆ, ಹೊಸ ಆರು ತಿಂಗಳು ಶುರುವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಡಿಯಲ್ಲಿ ಅಧಿಕಾರಿಗೆ 'ಇವರು ಭೇಟಿಗೆ ಬರುತ್ತಿಲ್ಲ, ಇಲ್ಲೇ ವಾಸ ಮಾಡುತ್ತಿದ್ದಾರೆ' ಅನ್ನಿಸಿದರೆ ವಾಪಸ್ ಕಳಿಸಬಹುದು. ಒಂದು ಭೇಟಿಗೂ ಇನ್ನೊಂದಕ್ಕೂ ಇಷ್ಟೇ ಅಂತರ ಎಂಬ ಲಿಖಿತ ನಿಯಮ ಇಲ್ಲ. ಆದರೂ ಇಲ್ಲಿದ್ದಷ್ಟು ಕಾಲವಾದರೂ ಊರಲ್ಲಿ ಇದ್ದು ಬಂದರೆ ಪ್ರಶ್ನೆ ಕಡಿಮೆ.

ಗಡುವು ಮೀರಿದರೆ ಏನು ಅಂತ ಕೇಳಬಹುದು. ಒಂದೇ ದಿನ ಮೀರಿದರೂ ಆ 10 ವರ್ಷದ ವೀಸಾ ರದ್ದಾದಂತೆ, ಮತ್ತೆ ಅರ್ಜಿ ಹಾಕಬೇಕು. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹೊರಟರೆ 10 ವರ್ಷ ಬರುವ ಹಾಗಿಲ್ಲ.

ಇನ್ನೊಂದು ಮಾತು. ಬಾಣಂತನಕ್ಕೆ ಬರುವ ಅಮ್ಮಂದಿರು ಕೌಂಟರಿನಲ್ಲಿ 'ಮಗು ನೋಡಿಕೊಳ್ಳೋಕೆ ಬಂದೆ' ಅಂದರೆ ಅದು ಆಯಾ ಕೆಲಸದ ಹಾಗೆ ಕೇಳಿಸಬಹುದು. ಸುಳ್ಳು ಹೇಳುವುದಂತೂ ಬೇಡವೇ ಬೇಡ. ಮಗಳನ್ನೂ ಮೊಮ್ಮಗುವನ್ನೂ ನೋಡಲು ಬಂದಿದ್ದೇನೆ, ಇಂಥ ದಿನ ವಾಪಸ್ ಹೋಗುತ್ತೇನೆ, ಇದು ನಿಜ ತಾನೇ? ಅದನ್ನೇ ಹೇಳಲಿ, ರಿಟರ್ನ್ ಟಿಕೆಟ್ ಪ್ರಿಂಟ್ ಕೈಯಲ್ಲಿ ಇರಲಿ. ಇಂಗ್ಲಿಷ್ ಬರದಿದ್ದರೆ ಕನ್ನಡ ದುಭಾಷಿ ಬೇಕು ಎಂದು ಕೇಳಲು ಹಿಂಜರಿಯಬಾರದು.