ಹಳೆಯ ಲ್ಯಾಪ್‌ಟಾಪ್‌ಗೆ ಎಸ್ಎಸ್‌ಡಿ: ವಿಂಡೋಸ್ ಎಲ್ಲಿರಬೇಕು, ಯಕ್ಷಗಾನದ ವಿಡಿಯೊ ಎಲ್ಲಿರಬೇಕು?

ನೀವು ಕೇಳಿದ್ದು ಇಷ್ಟು: ಶಿರಸಿಯಲ್ಲಿ ಅಂಗಡಿ, ಹಳೆಯ ಲ್ಯಾಪ್‌ಟಾಪ್, 1 ಟಿಬಿ ಹಾರ್ಡ್ ಡಿಸ್ಕ್. ಅದರ ಸಿ ಡ್ರೈವ್‌ನಲ್ಲಿ ವಿಂಡೋಸ್ 10, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಕನ್ನಡ ಬರೆಯುವ ನುಡಿ. ಡಿ ಡ್ರೈವ್‌ನಲ್ಲಿ ಎಷ್ಟೋ ವರ್ಷದಿಂದ ಕೂಡಿಟ್ಟ ಯಕ್ಷಗಾನದ ವಿಡಿಯೊ. ಈಗ 240 ಜಿಬಿ ಎಸ್ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ವೇಗದ ಡಿಸ್ಕ್) ತಂದಿದ್ದೀರಿ, ವಿಂಡೋಸನ್ನು ಅದಕ್ಕೆ ಸಾಗಿಸಬೇಕು, ಏನೂ ಕಳೆದುಹೋಗಬಾರದು. ನಾನು ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಈ ಕೆಲಸ ಆಗಾಗ ಬರುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವೇಗದ ಚಿಂತೆ ಬಿಡಿ, ಅದು ಹೇಗೂ ಬರುತ್ತದೆ. ನೀವು ಯೋಚಿಸಬೇಕಾದದ್ದು ಬೇರೆ. ಸಿ ಡ್ರೈವ್ ನಾಳೆ ಪೂರ್ತಿ ಅಳಿಸಿಹೋದರೂ ನಿಮ್ಮ ಸ್ವಂತದ್ದು ಅನ್ನುವ ಒಂದು ಫೈಲೂ ಹೋಗಬಾರದು. ಎಲ್ಲ ಜೋಡಣೆಯನ್ನೂ ಈ ಒಂದು ಗುರಿ ಇಟ್ಟುಕೊಂಡೇ ಮಾಡಿ.

ಯಾವುದು ಎಲ್ಲಿಗೆ ಅನ್ನುವುದು ಕಷ್ಟವೇನಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಿ ಇಲ್ಲಿ ಹುಡುಕಿ ಓದುತ್ತದೆ. ತಿರುಗುವ ಡಿಸ್ಕ್‌ಗೆ ಒಂದೊಂದು ಹುಡುಕಾಟಕ್ಕೂ ಹತ್ತು ಮಿಲಿಸೆಕೆಂಡಿನ ಮೇಲೆ ಬೇಕು, ಎಸ್ಎಸ್‌ಡಿಗೆ ಅದರ ನೂರರಲ್ಲಿ ಒಂದು ಪಾಲು ಸಾಕು. ನಿಮಗೆ ಕಾಣುವ ವ್ಯತ್ಯಾಸ ಎಲ್ಲ ಅಲ್ಲಿಂದಲೇ ಬರುವುದು. ವಿಡಿಯೊ ಹಾಗಲ್ಲ, ಒಂದೇ ದೊಡ್ಡ ಫೈಲು, ಸಾಲಾಗಿ ಓದಿಕೊಂಡು ಹೋಗುತ್ತದೆ, ಅದಕ್ಕೆ ಹಳೆ ಡಿಸ್ಕೇ ಧಾರಾಳ. ಮೇಲಾಗಿ ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 20 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 9 ಜಿಬಿ, ಎಂಟು ಗಂಟೆಯ ಇಡೀ ರಾತ್ರಿ ಆಟಕ್ಕೆ 72 ಜಿಬಿ. 240 ಜಿಬಿ ಎಸ್ಎಸ್‌ಡಿ ವಿಂಡೋಸ್‌ನಲ್ಲಿ 223 ಎಂದು ತೋರಿಸುತ್ತದೆ. ಮೂರು ಆಟಕ್ಕೇ ತುಂಬಿತು, ಅಲ್ವಾ?

ಕೆಲಸ ಶುರು ಮಾಡುವ ಮೊದಲು ಹಳೆ ಡಿಸ್ಕ್ ಆರೋಗ್ಯವಾಗಿದೆಯಾ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಹಸಿರು ಅಥವಾ ನೀಲಿ ಬಂದರೆ ಮುಂದುವರಿಯಿರಿ. ಹಳದಿ ಬಂದರೆ, ಅಥವಾ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಕ್ಲೋನ್ (ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕ್‌ಗೆ ನಕಲು ಮಾಡುವುದು) ಗೀನ್ ಎಲ್ಲ ಆಮೇಲೆ. ಮೊದಲು ಟ್ಯಾಲಿ ಡೇಟಾ, ಆಮೇಲೆ ಮತ್ತೆಲ್ಲೂ ಸಿಗದ ವಿಡಿಯೊ, ಇದೇ ಕ್ರಮದಲ್ಲಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಹಸಿರಿದ್ದರೂ ಈ ಕಾಪಿ ಬೇಕೇ ಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹಳೇ ಮೇಳದ ಒಂದು ರಾತ್ರಿಯ ಆಟ, ಈಗ ಇಲ್ಲದ ಭಾಗವತರ ಪದ, ಅದನ್ನು ಯಾವ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತೀರಿ?

ವಿಂಡೋಸ್ ಹೊಸದಾಗಿ ಹಾಕುವುದೋ, ಇದ್ದದ್ದನ್ನೇ ಕ್ಲೋನ್ ಮಾಡುವುದೋ? ಬರೀ ಬ್ರೌಸರ್ ಬಳಸುವವರಾದರೆ ಹೊಸದಾಗಿ ಹಾಕಿ ಎನ್ನುತ್ತಿದ್ದೆ. 8 ಜಿಬಿ ಪೆನ್‌ಡ್ರೈವ್ ಇದ್ದರೆ ಆಗುತ್ತದೆ, ಡಿಜಿಟಲ್ ಲೈಸೆನ್ಸ್ ಇದ್ದರೆ ಡಿಸ್ಕ್ ಬದಲಾದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಆದರೆ ನಿಮಗೆ ಟ್ಯಾಲಿ ಇದೆ, ಬಿಲ್ ಪ್ರಿಂಟರ್ ಸೆಟ್ಟಿಂಗ್ ಇದೆ, ನುಡಿ ಫಾಂಟುಗಳಿವೆ. ನುಡಿಯ ಹಳೆ ಫಾಂಟಿನಲ್ಲಿ ಬರೆದ ಫೈಲುಗಳು ಆ ಫಾಂಟ್ ಇಲ್ಲದಿದ್ದರೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ನಿಮಗೆ ಕ್ಲೋನೇ ಸರಿ.

ಇಲ್ಲಿ ಒಂದು ತೊಡಕು. ನೀವು ದೊಡ್ಡ ಡಿಸ್ಕ್‌ನಿಂದ ಚಿಕ್ಕದಕ್ಕೆ ಹೋಗುತ್ತಿದ್ದೀರಿ. ಕ್ಲೋನ್‌ಜಿಲ್ಲಾದಂಥ ಕ್ಲೋನ್ ಸಾಫ್ಟ್‌ವೇರ್‌ಗಳು ಗುರಿ ಡಿಸ್ಕ್ ಅಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡದು ಇರಬೇಕೆಂದು ಕೇಳುತ್ತವೆ. ಸ್ಯಾಮ್ಸಂಗ್, ಕ್ರೂಶಿಯಲ್, ಕಿಂಗ್‌ಸ್ಟನ್‌ನಂಥ ಕಂಪನಿಗಳು ತಮ್ಮ ಎಸ್ಎಸ್‌ಡಿ ಕೊಂಡವರಿಗೆ ಕ್ಲೋನ್ ಮಾಡುವ ಸಾಫ್ಟ್‌ವೇರ್ ಕೊಡುತ್ತವೆ, ಅದು ಈ ಕೆಲಸಕ್ಕೆ ಸುಲಭ. ಅದಕ್ಕೂ ಮುಂಚೆ ಸಿ ಡ್ರೈವ್‌ನಲ್ಲಿ ತುಂಬಿರುವುದು 150 ಜಿಬಿ ಒಳಗೆ ಬರುವ ಹಾಗೆ ಖಾಲಿ ಮಾಡಿ. ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ ನೋಡಿ, ಅಲ್ಲೇ ಅರ್ಧ ಸಿಗುತ್ತದೆ. ಎಸ್ಎಸ್‌ಡಿಯನ್ನು ಪೂರ್ತಿ ತುಂಬಿಸಬಾರದು, ಐದರಲ್ಲಿ ಒಂದು ಪಾಲು ಖಾಲಿ ಇದ್ದರೆ ಬರೆಯುವ ವೇಗ ಕುಸಿಯುವುದಿಲ್ಲ. ಕ್ಲೋನ್ ಮಾಡುವಾಗ ಸಿ ಒಂದನ್ನೇ ಆರಿಸಬೇಡಿ, ಅದರ ಪಕ್ಕದ ಚಿಕ್ಕ ಸಿಸ್ಟಮ್ ಪಾರ್ಟಿಶನ್‌ಗಳೂ (ಡಿಸ್ಕ್‌ನ ಬೇರೆ ಭಾಗಗಳು) ಬರಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ, ಅಂದರೆ ವಿಂಡೋಸ್ ಶುರುವಾಗುವುದೇ ಇಲ್ಲ. ಡಿ ಮಾತ್ರ ಬಿಟ್ಟುಬಿಡಿ.

ಎಸ್ಎಸ್‌ಡಿಯನ್ನು ಯುಎಸ್‌ಬಿಯಿಂದ ಸಾಟಾಗೆ (ಡಿಸ್ಕ್ ಜೋಡಿಸುವ ಕನೆಕ್ಟರ್) ಹೋಗುವ ಕೇಬಲ್‌ನಲ್ಲಿ ಹೊರಗೆ ಜೋಡಿಸಿ ಕ್ಲೋನ್ ಮಾಡಿ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಹೇಳಬೇಕಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಮಾಡಿ, ಗುಡುಗು ಮಿಂಚು ಇರುವ ದಿನ ಬೇಡವೇ ಬೇಡ.

ಮುಗಿದ ಮೇಲೆ ಹಳೆ ಡಿಸ್ಕ್ ಬಿಚ್ಚಿ ಆ ಜಾಗಕ್ಕೆ ಎಸ್ಎಸ್‌ಡಿ ಹಾಕಿ, ಅದೊಂದೇ ಇರುವಾಗ ಮೊದಲ ಸಲ ಬೂಟ್ ಮಾಡಿ. ಎರಡೂ ಇದ್ದರೆ ವಿಂಡೋಸ್ ಯಾವುದರಿಂದ ಶುರುವಾಯಿತು ಎಂದೇ ಗೊತ್ತಾಗುವುದಿಲ್ಲ, ಹಳೆಯದರಿಂದಲೇ ಎದ್ದು 'ಸ್ಪೀಡೇ ಆಗಿಲ್ಲ' ಎಂದು ಬರುವವರಿದ್ದಾರೆ. ಎಲ್ಲ ಸರಿ ಇದ್ದರೆ ಡಿವಿಡಿ ಡ್ರೈವ್ ತೆಗೆದು ಅಲ್ಲಿ ಕ್ಯಾಡಿಯಲ್ಲಿ (ಆ ಜಾಗದಲ್ಲಿ ಡಿಸ್ಕ್ ಹಿಡಿದಿಡುವ ಚೌಕಟ್ಟು) ಹಳೆ ಡಿಸ್ಕ್ ಕೂರಿಸಿ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತನ್ನಿ.

ಹಳೆ ಡಿಸ್ಕ್ ಒಳಗೆ ಬಂದಾಗ ಅದರ ಡಿ ಬೇರೆ ಅಕ್ಷರ ಹಿಡಿದಿರಬಹುದು. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಮತ್ತೆ ಡಿ ಮಾಡಿ, ಇಲ್ಲದಿದ್ದರೆ ಹಳೆ ಶಾರ್ಟ್‌ಕಟ್‌ಗಳು ದಾರಿ ತಪ್ಪುತ್ತವೆ. ಆಮೇಲೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಒಂದೊಂದರ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಡಿ ಡ್ರೈವ್ ತೋರಿಸಿ, ಫೈಲುಗಳನ್ನು ಅದೇ ಸಾಗಿಸುತ್ತದೆ. ಪ್ರೋಗ್ರಾಮ್ ಫೈಲ್ಸ್, ಆ್ಯಪ್‌ಡೇಟಾ ಎಳೆದಾಡಲು ಹೋಗಬೇಡಿ, ಅದು ವಿಂಡೋಸ್‌ನ ಸ್ವಂತ ಜಾಗ. ಟ್ಯಾಲಿ ಡೇಟಾ ಮಾತ್ರ ಸಿ ಡ್ರೈವ್‌ನಲ್ಲೇ ಇರಲಿ, ಅದಕ್ಕೆ ವೇಗ ಬೇಕು. ಆದರೆ ದಿನಾ ಅಂಗಡಿ ಮುಚ್ಚುವಾಗ ಬ್ಯಾಕಪ್ ಡಿ ಡ್ರೈವ್‌ಗೆ ಹೋಗಲಿ.

ಒಳಗಿನ ಹಳೆ ಡಿಸ್ಕ್‌ನಲ್ಲಿ ವಿಡಿಯೊ ಇದೆ ಎಂದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ. ಇರುವುದು ಒಂದೇ ಪ್ರತಿ, ಅದೂ ವಯಸ್ಸಾದ ಡಿಸ್ಕ್‌ನಲ್ಲಿ. ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಬೇಕು. ಅದಕ್ಕೆ ಎಸ್ಎಸ್‌ಡಿ ಕೊಳ್ಳಬೇಡಿ, ಕರೆಂಟ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದರೆ ಎಸ್ಎಸ್‌ಡಿಯೊಳಗಿನ ಚಾರ್ಜ್ ನಿಧಾನಕ್ಕೆ ಸೋರಿ ಡೇಟಾ ಹೋಗಬಹುದು. ನಮ್ಮ ಕಡೆಯ ಜೂನ್ ಜುಲೈ ತೇವಕ್ಕೆ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ನಮ್ಮ ಕುಮಟಾ, ಕಾರವಾರದ ಉಪ್ಪು ಗಾಳಿಯಲ್ಲಿ ಕನೆಕ್ಟರ್ ಹಸಿರು ಹಿಡಿದ ಡಿಸ್ಕ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಬೂಸಲು ಇದೆ.

ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಸ್ಎಸ್‌ಡಿ ಹಾಕಿದರೆ ವಿಂಡೋಸ್ 11 ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಪ್ರೊಸೆಸರ್ ಮತ್ತು ಟಿಪಿಎಂ ಎಂಬ ಭದ್ರತಾ ಚಿಪ್ ಮೇಲೆ ನಿಂತಿದೆ. ಹಳೆ ಡಿಸ್ಕ್‌ನಲ್ಲಿರುವ ಹಳೇ ವಿಂಡೋಸ್ ಪಾರ್ಟಿಶನ್ ಅಳಿಸುವ ಅವಸರವೂ ಬೇಡ. ಒಂದು ತಿಂಗಳು ಹೊಸದರಲ್ಲಿ ಬಿಲ್ ಹೊಡೆದು, ಪ್ರಿಂಟ್ ತೆಗೆದು, ಟ್ಯಾಲಿ ಬ್ಯಾಕಪ್ ಒಮ್ಮೆ ತಿರುಗಿ ತೆರೆದು ನೋಡಿದ ಮೇಲೆ ಫಾರ್ಮ್ಯಾಟ್ ಮಾಡಿ.