ಬೆರಳೇ ಇಲ್ಲದವರು ಬಯಾನಿಕ್ ಕೈಯ ಬೆರಳು ಮಡಿಸುವುದು ಹೇಗೆ?

ಮಂಡ್ಯದ ಆಲೆಮನೆಯಲ್ಲಿ ಗಾಣಕ್ಕೆ ಕೈ ಸಿಕ್ಕಿದ ನಿಮ್ಮ ಮಾವನವರಿಗಾಗಿ ನೀವು ಕೇಳಿದ ಪ್ರಶ್ನೆಯಿದು. ಅಂಗೈ ಹೋದರೂ ಬೆರಳುಗಳನ್ನು ಆಡಿಸುವ ಮುಖ್ಯ ಸ್ನಾಯುಗಳು ಮುಂದೋಳಿನಲ್ಲಿ ಉಳಿದಿರುತ್ತವೆ. ಬಯಾನಿಕ್ ಕೈ, ಅಂದರೆ ಮೋಟಾರಿನಿಂದ ಆಡುವ ಕೃತಕ ಕೈ, ನಡೆಯುವುದು ಅವುಗಳ ಅಪ್ಪಣೆಯಂತೆ. ನಿಮ್ಮ ಬಲ ಮೊಣಕೈಯ ತುಸು ಕೆಳಗೆ ಎಡಗೈ ಇಟ್ಟು ಬಲಮುಷ್ಟಿ ಬಿಗಿಯಿರಿ. ಚರ್ಮದಡಿ ಉಬ್ಬುವುದೇ ಆ ಸ್ನಾಯು. ಬಿಗಿದಾಗ ಅದರಲ್ಲಿ ವೋಲ್ಟಿನ ಸಾವಿರದ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ವಿದ್ಯುತ್ ಹುಟ್ಟುತ್ತದೆ. ತೋಳಿಗೆ ತೊಡಿಸುವ ಗೂಡಿನ ಒಳಮೈಯಲ್ಲಿರುವ ಲೋಹದ ಬಿಲ್ಲೆಗಳು ಅದನ್ನು ಹಿಡಿಯುತ್ತವೆ. ಪುಟ್ಟ ಸರ್ಕ್ಯೂಟೊಂದು ಹಿಗ್ಗಿಸಿ ಮೋಟಾರಿಗೆ ದಾಟಿಸುತ್ತದೆ. ಒಳಬದಿಯ ಸ್ನಾಯು ಬಿಗಿದರೆ ಮುಷ್ಟಿ ಮುಚ್ಚುತ್ತದೆ, ಹೊರಬದಿಯದು ಬಿಗಿದರೆ ತೆರೆಯುತ್ತದೆ. ಅಭ್ಯಾಸ ಮಾತ್ರ ವಾರಗಟ್ಟಲೆ ಬೇಕು.

ಒಂದೊಂದು ಬೆರಳಿಗೂ ಬೇರೆ ಮೋಟಾರು ಇರುವ ಕೈ ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಸ್ಕಾಟ್ಲೆಂಡಿನ ಐ-ಲಿಂಬ್. ಈಗ ತ್ರೀಡಿ ಮುದ್ರಣದಿಂದ ಬೆಲೆ ಇಳಿಯುತ್ತಿದೆ, ಭಾರತದ ಕಂಪನಿಗಳೂ ಕಣಕ್ಕಿಳಿದಿವೆ. ಆದರೂ ಲೆಕ್ಕ ಲಕ್ಷಗಳಲ್ಲೇ.

ಇನ್ನು ನಿಮ್ಮ ಮಾವನವರ ವಿಷಯ. ಕಬ್ಬಿನ ಹಾಲು, ಕೆಸರು, ನೀರು ಹೆಚ್ಚಿನ ಬಯಾನಿಕ್ ಕೈಗಳಿಗೆ ಆಗಿಬರುವುದಿಲ್ಲ. ಗದ್ದೆ ಕೆಲಸಕ್ಕೆ ಹೆಗಲ ಪಟ್ಟಿಯಿಂದ ಎಳೆಯುವ ಹಳೆಯ ಕೊಕ್ಕೆ ಕೈಯೇ ಮೇಲು ಎಂದು ನನಗನ್ನಿಸುತ್ತದೆ; ಮದುವೆ ಮನೆಗೆ ಬೇಕಾದರೆ ಬಯಾನಿಕ್ ಇರಲಿ.